ಗೋಕಾಕ ಮತ್ತೆ ಎದ್ದು ನಿಲ್ಲಬೇಕಾದರೆ



2019ರ ಆಗಸ್ಟ್‌ನಲ್ಲಿ ಗೋಕಾಕ ಪಟ್ಟಣದೊಳಗೆ ಹೊಳೆ ಹೊಕ್ಕಿದ್ದನ್ನು ಈ ಭಾಗದ ಯಾರೂ ಮರೆತಿಲ್ಲ. ಘಟಪ್ರಭೆಯ ಮೇಲಿನ ಲೋಳಸೂರ ಸೇತುವೆ ಮುಳುಗಿತು. ಹಳೆ ದನದ ಪೇಟೆ, ಕುಂಬಾರ ಗಲ್ಲಿಯ ಜನ ಉಟ್ಟ ಬಟ್ಟೆಯಲ್ಲೇ ಕಾಳಜಿ ಕೇಂದ್ರ ಸೇರಿದರು. 2021ರ ಜುಲೈನಲ್ಲಿ ಅದೇ ಸೇತುವೆ ಮತ್ತೆ ಮುಳುಗಿತು, 2024ರ ಜುಲೈನಲ್ಲಿ ಇನ್ನೊಮ್ಮೆ. ಇನ್ನು ಇದನ್ನು ಅಪರೂಪದ ವಿಪತ್ತು ಎಂದು ಕರೆಯಲು ಬರುವುದಿಲ್ಲ.

ನೀರು ಎಲ್ಲಿಂದ ಬರುತ್ತದೆ ನೋಡಿ. ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿ ಘಟಪ್ರಭೆಗೆ 51 ಟಿಎಂಸಿಯ ರಾಜಾ ಲಖಮಗೌಡ ಜಲಾಶಯವಿದೆ. ಆದರೆ ಆಂಬೋಲಿ ಕಡೆಯಿಂದ ಸಂಕೇಶ್ವರದ ಮೇಲೆ ಹರಿದು ಬರುವ ಹಿರಣ್ಯಕೇಶಿ ಈ ಅಣೆಕಟ್ಟಿನ ಕೆಳಗೆ ಬಂದು ಕೂಡುತ್ತದೆ. ಗೋಕಾಕದ ಹತ್ತಿರ ಮಾರ್ಕಂಡೇಯವೂ ಸೇರುತ್ತದೆ. ಹಿಡಕಲ್ ಗೇಟು ಪೂರ್ತಿ ಮುಚ್ಚಿದರೂ ಉಳಿದೆರಡು ಹೊಳೆಗಳ ನೀರು ನಿಲ್ಲುವುದಿಲ್ಲ. ಮೂರೂ ಒಟ್ಟಿಗೆ ತುಂಬಿದ ವರ್ಷ ಗೋಕಾಕದ ತಗ್ಗಿನ ಗಲ್ಲಿಗಳು ಮುಳುಗುತ್ತವೆ. ಅಲ್ಲಿಂದ ಮುಂದೆ ಮೂಡಲಗಿ ತಾಲ್ಲೂಕಿನ ಸುಣಧೋಳಿ, ಅವರಾದಿಯ ಸೇತುವೆಗಳು, ಹೊಳೆದಂಡೆಯ ಕಬ್ಬು. ಅದಕ್ಕೇ ಹುಕ್ಕೇರಿ, ಗೋಕಾಕ, ಮೂಡಲಗಿ ಈ ಮೂರು ತಾಲ್ಲೂಕುಗಳಿಗೆ ಒಂದೇ ಯೋಜನೆ ಬೇಕು. ಮಹಾರಾಷ್ಟ್ರದಲ್ಲಿ ಸುರಿದ ಮಳೆಯ ಲೆಕ್ಕ ಗಂಟೆಗಂಟೆಗೆ ಇಲ್ಲಿಗೆ ಮುಟ್ಟುವ ವ್ಯವಸ್ಥೆಯೂ ಅದರಲ್ಲಿ ಸೇರಿರಬೇಕು.

ಸರ್ಕಾರ ಏನೂ ಕೊಡಲಿಲ್ಲ ಎನ್ನುವುದು ಅನ್ಯಾಯದ ಮಾತಾದೀತು. 2019ರಲ್ಲಿ ಕೇಂದ್ರದ ನಿಯಮದ ಪ್ರಕಾರ ಪೂರ್ತಿ ಬಿದ್ದ ಮನೆಗೆ ಸಿಗುತ್ತಿದ್ದುದು 95,100 ರೂಪಾಯಿ. ರಾಜ್ಯ ತನ್ನ ಪಾಲು ಸೇರಿಸಿ ಅದನ್ನು 5 ಲಕ್ಷಕ್ಕೆ ಏರಿಸಿತು. ತಕ್ಷಣದ ಖರ್ಚಿಗೆ 10,000 ಕೊಟ್ಟಿತು. ಆ ನಿರ್ಧಾರ ದೊಡ್ಡದು. ಆದರೆ ರಾಜ್ಯ ಅಂದಾಜು ಮಾಡಿದ ಹಾನಿ 35,000 ಕೋಟಿ ದಾಟಿದ್ದಾಗ ದಿಲ್ಲಿಯಿಂದ ಮೊದಲು ಬಂದದ್ದು 1,200 ಕೋಟಿ.

ಹಣಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಪರಿಹಾರದ ಲೆಕ್ಕ ಹಾಕುವ ರೀತಿ. ಪಂಚನಾಮೆಯಲ್ಲಿ ಗೋಡೆ ಎಷ್ಟು ಬಿದ್ದಿದೆ ಎಂದು ಬರೆಯುತ್ತಾರೆ, ಮಾಲಕನ ಹೆಸರು ಬರೆಯುತ್ತಾರೆ. ಆ ಮನೆಯಲ್ಲಿ ಬಾಡಿಗೆಗಿದ್ದ ಕುಟುಂಬಕ್ಕೆ ಮನೆಯ ಪರಿಹಾರವಿಲ್ಲ. ತಲೆಮಾರುಗಳಿಂದ ವಾಸವಿದ್ದರೂ ಉತಾರೆ ತನ್ನ ಹೆಸರಿಗಿಲ್ಲದವರು ಕಚೇರಿಯಿಂದ ಕಚೇರಿಗೆ ಅಲೆಯಬೇಕು. ಕರದಂಟಿಗೂ ಕಟ್ಟಿಗೆಯ ಗೊಂಬೆಗೂ ಹೆಸರಾದ ಊರು ಗೋಕಾಕ. ಇಲ್ಲಿ ಮನೆಯೇ ಕಾರ್ಖಾನೆ, ಪಡಸಾಲೆಯೇ ಅಂಗಡಿ. ರಾಡಿಯಲ್ಲಿ ಹೋದ ಸರಕಿಗೆ, ನಿಂತುಹೋದ ದುಡಿಮೆಗೆ, ತೀರಿಸಬೇಕಾದ ಕೈಗಡಕ್ಕೆ ಪರಿಹಾರದ ನಮೂನೆಯಲ್ಲಿ ಸಿಗುವ ಜಾಗ ತೀರಾ ಕಡಿಮೆ. ಇನ್ನೊಂದು ತೊಡಕೂ ಇದೆ. ಮುಳುಗಿದ ಜಾಗದಲ್ಲೇ ಹೊಸ ಮನೆ ಕಟ್ಟಿಸಿದರೆ ಆ 5 ಲಕ್ಷವೂ ಮುಂದಿನ ಮಹಾಪೂರದ ಪಾಲು.

ಆಲಮಟ್ಟಿ ಹಿನ್ನೀರಿಗೆ ಹಳೆ ಬಾಗಲಕೋಟೆ ಸಿಕ್ಕಾಗ ಸರ್ಕಾರ ಅದಕ್ಕೆಂದೇ ಪ್ರಾಧಿಕಾರ ರಚಿಸಿ ನವನಗರ ಕಟ್ಟಿತು. ಕುಂದುಕೊರತೆ ಉಳಿದರೂ ಒಂದು ಊರನ್ನು ಊರಾಗಿಯೇ ನೋಡಿದ ಕೆಲಸ ಅದು. ಆದರೆ 2009ರ ನೆರೆಯ ನಂತರ 'ಆಸರೆ' ಯೋಜನೆಯಲ್ಲಿ ಕಟ್ಟಿದ ಮನೆಗಳಲ್ಲಿ ಎಷ್ಟೋ ಖಾಲಿ ಉಳಿದವು. ಹೊಲ ದೂರ, ನೀರಿಲ್ಲ, ದನ ಕಟ್ಟಲು ಜಾಗವಿಲ್ಲ ಎಂದು ಜನ ಹಳೆಯ ಊರಿಗೇ ಮರಳಿದರು. ಗೋಕಾಕದ ತಗ್ಗಿನ ಗಲ್ಲಿಗಳವರಿಗೆ ಪೇಟೆಗೆ ನಡೆದುಹೋಗುವಷ್ಟು ಹತ್ತಿರದಲ್ಲಿ, ಎತ್ತರದ ಜಾಗದಲ್ಲಿ ನಿವೇಶನ ಬೇಕು. ಎಲ್ಲಿ ಎಂಬುದನ್ನು ಅವರನ್ನು ಕೂರಿಸಿಕೊಂಡೇ ತೀರ್ಮಾನಿಸಬೇಕು.

ರಾಜ್ಯ ಸರ್ಕಾರ ಈ ಮೂರು ತಾಲ್ಲೂಕುಗಳಿಗೆ ಪ್ರತ್ಯೇಕ ಪುನರ್ನಿರ್ಮಾಣ ನಿಧಿಯನ್ನು ಬಜೆಟ್‌ನಲ್ಲೇ ಇಡಲಿ, ಕೇಂದ್ರ ಅದರಲ್ಲಿ ಪಾಲು ಹಾಕಲಿ. ಬಾಡಿಗೆದಾರರೂ ಅಂಗಡಿಕಾರರೂ ಫಲಾನುಭವಿಗಳ ಪಟ್ಟಿಗೆ ಬರಲಿ. ನದಿಪಾತ್ರದ ಕೇಳುಗರೇ, ಮನೆಯ ಉತಾರೆ, ಬಾಡಿಗೆ ಕರಾರು, ಅಂಗಡಿಯ ಪರವಾನಗಿಯ ಒಂದೊಂದು ಪ್ರತಿಯನ್ನು ಎತ್ತರದಲ್ಲಿರುವ ನೆಂಟರ ಮನೆಯಲ್ಲಿ ಇಟ್ಟಿರಿ. ಈ ಬೇಡಿಕೆಯನ್ನು ಗಲ್ಲಿಯವರೆಲ್ಲ ಸೇರಿ ಬರೆದು, ಮಳೆಗಾಲಕ್ಕೆ ಮೊದಲೇ ನಗರಸಭೆಗೂ ನಿಮ್ಮ ಶಾಸಕರಿಗೂ ಮುಟ್ಟಿಸಿ.