ನೆರವಿನ ಜೊತೆಗೆ ನಿಗಾವೂ ಬೇಕು

(ಭೋಸರಿಯಲ್ಲಿ ನಡೆದ ವೈದ್ಯಕೀಯ ನೆರವು ನಿಧಿಯ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ನಿಧಿಗೆ ಬರುವ ಅರ್ಜಿಗಳನ್ನು ಪರಿಶೀಲಿಸುವ ಕೆಲಸವನ್ನು ನೀವು ನನಗೆ ಒಪ್ಪಿಸಿದ್ದೀರಿ. ಕಲಬುರಗಿ, ವಿಜಯಪುರ, ಬೀದರ್ ಕಡೆಯಿಂದ ಇಲ್ಲಿನ ಎಂಐಡಿಸಿಗೆ ದುಡಿಯಲು ಬಂದವರು, ಅವರ ವಯಸ್ಸಾದ ತಂದೆತಾಯಿಗಳು, ಅರ್ಜಿಗಳು ಬಹುತೇಕ ಇವರವೇ. ಡಯಾಲಿಸಿಸ್, ಸೊಂಟದ ಮೂಳೆ ಮುರಿತ, ಪಾರ್ಶ್ವವಾಯು. ಓದಿದಷ್ಟೂ ಒಂದು ಮಾತು ಸ್ಪಷ್ಟವಾಗುತ್ತದೆ. ಇವುಗಳಲ್ಲಿ ಹಲವು ಖರ್ಚುಗಳು ನಮ್ಮ ಬಾಗಿಲಿಗೆ ಬರಬೇಕಾದವೇ ಅಲ್ಲ.

ಸಾರ್ವಜನಿಕ ಆಸ್ಪತ್ರೆ ನಡೆಸುವುದು ಮಹಾನಗರಪಾಲಿಕೆಯ ಕಡ್ಡಾಯ ಕರ್ತವ್ಯ. ಪಿಂಪ್ರಿಯಲ್ಲಿ 750 ಹಾಸಿಗೆಗಳ ಯಶವಂತರಾವ್ ಚವಾಣ್ ಆಸ್ಪತ್ರೆ ಇದೆ, ಭೋಸರಿಯಲ್ಲೂ ಪಾಲಿಕೆಯ ಆಸ್ಪತ್ರೆ ಇದೆ. ಧರ್ಮಾದಾಯ ಟ್ರಸ್ಟ್‌ಗಳ ಆಸ್ಪತ್ರೆಗಳು ಶೇ. 10 ಹಾಸಿಗೆಗಳನ್ನು ನಿರ್ಗತಿಕರಿಗೆ ಉಚಿತವಾಗಿ, ಇನ್ನು ಶೇ. 10ನ್ನು ದುರ್ಬಲ ವರ್ಗದವರಿಗೆ ರಿಯಾಯಿತಿಯಲ್ಲಿ ಕೊಡಬೇಕು. 2007ರ ಹಿರಿಯ ನಾಗರಿಕರ ಕಾಯಿದೆ ಸರ್ಕಾರಿ ಆಸ್ಪತ್ರೆಗಳಲ್ಲಿ ವೃದ್ಧರಿಗೆ ಪ್ರತ್ಯೇಕ ಸಾಲು ಇರಬೇಕೆನ್ನುತ್ತದೆ. 70 ದಾಟಿದವರಿಗೆ, ಆದಾಯ ಎಷ್ಟೇ ಇರಲಿ, 2024ರಿಂದ ಆಯುಷ್ಮಾನ್ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ರಕ್ಷಣೆ ಇದೆ.

ಆದರೂ ಒಬ್ಬ ಲೇಥ್ ಕೆಲಸಗಾರರು ತಂದೆಯ ಚಿಕಿತ್ಸೆಗೆಂದು ಹೆಂಡತಿಯ ಒಡವೆ ಅಡವಿಟ್ಟು, ಆಮೇಲೆ ನಮ್ಮಲ್ಲಿಗೆ ಬಂದರು. ದಾಖಲಾದದ್ದು ಟ್ರಸ್ಟ್ ಆಸ್ಪತ್ರೆಯಲ್ಲಿ. ರಿಯಾಯಿತಿ ಹಾಸಿಗೆಯ ವಿಷಯ ಅವರಿಗೆ ಯಾರೂ ಹೇಳಿರಲಿಲ್ಲ.

ಇದನ್ನು ನೋಡಿಕೊಳ್ಳುವವರು ಯಾರು? ಪಿಂಪ್ರಿ ಚಿಂಚ್‌ವಡದಲ್ಲಿ 2022ರ ಮಾರ್ಚ್‌ನಿಂದ 2026ರ ಜನವರಿ ಚುನಾವಣೆಯವರೆಗೆ ಚುನಾಯಿತ ಸದಸ್ಯರೇ ಇರಲಿಲ್ಲ, ಆಡಳಿತಾಧಿಕಾರಿಯ ಆಡಳಿತವಿತ್ತು. ಆಸ್ಪತ್ರೆಯ ಕುರಿತು ಸಭೆಯಲ್ಲಿ ಎದ್ದು ನಿಂತು ಕೇಳಲು ನಮ್ಮವರೆಂದು ಯಾರೂ ಇರಲಿಲ್ಲ. ಈಗ 128 ಮಂದಿ ಆಯ್ಕೆಯಾಗಿದ್ದಾರೆ. ಸಂವಿಧಾನದ 74ನೇ ತಿದ್ದುಪಡಿಯಿಂದ ಬಂದ ಪ್ರಭಾಗ ಸಮಿತಿಗಳು ತಮ್ಮ ಪ್ರದೇಶದ ಬಜೆಟ್ ಬಗ್ಗೆ ಶಿಫಾರಸು ಮಾಡಬಹುದು. ಮಹಾರಾಷ್ಟ್ರದ ಕಾಯಿದೆಯಂತೆ, ಸಮಾಜಸೇವೆ ಮಾಡುವ ಮಾನ್ಯತೆ ಪಡೆದ ಸಂಸ್ಥೆಗಳಿಂದ ಮೂವರವರೆಗೆ ಅಲ್ಲಿಗೆ ನಾಮಕರಣವಾಗಬಹುದು. ಆ ಬಾಗಿಲನ್ನು ನಾವು ತಟ್ಟಬೇಕು.

ಇದು ಹೊಸ ಮಾತಲ್ಲ. 2007ರಲ್ಲಿ ಪುಣೆಯೂ ಸೇರಿ ರಾಜ್ಯದ ಐದು ಜಿಲ್ಲೆಗಳಲ್ಲಿ ಹಳ್ಳಿಯ ಜನರೇ ಆರೋಗ್ಯ ಕೇಂದ್ರಗಳ ಮೇಲೆ ನಿಗಾ ಇಡುವ ಕಾರ್ಯಕ್ರಮ ಶುರುವಾಯಿತು. ಜನಸುನಾವಣೆಯಲ್ಲಿ ವೈದ್ಯಾಧಿಕಾರಿಗಳು ಜನರ ಎದುರು ಕುಳಿತು ಉತ್ತರ ಕೊಟ್ಟರು. ಇಂಗ್ಲೆಂಡಿನಲ್ಲಿ 2001ರ ಕಾಯಿದೆಯಿಂದ ಸ್ಥಳೀಯ ಕೌನ್ಸಿಲ್‌ಗಳಿಗೆ ಆರೋಗ್ಯ ಸೇವೆಯನ್ನು ಪರಿಶೀಲಿಸುವ ಅಧಿಕಾರ ಬಂತು. ಅಲ್ಲಿನ ಸಮಿತಿಗಳು ಯಾವ ವಿಷಯವನ್ನು ಯಾವಾಗ ಕೈಗೆತ್ತಿಕೊಳ್ಳಬೇಕೆಂದು ಮುಂಚೆಯೇ ಯೋಜನೆ ಹಾಕಿಕೊಳ್ಳುತ್ತವೆ.

ನಾವೂ ಹಾಗೆ ಮಾಡೋಣ. ಮೂರು ತಿಂಗಳಿಗೆ ಒಂದೇ ವಿಷಯ. ಮೊದಲು, ಪಾಲಿಕೆ ಆಸ್ಪತ್ರೆಯಲ್ಲಿ ಯಾವ ಔಷಧಿಗೆ ಹೊರಗೆ ಚೀಟಿ ಬರೆಯುತ್ತಾರೆ ಎಂಬುದು. ಎರಡನೆಯದು, ಟ್ರಸ್ಟ್ ಆಸ್ಪತ್ರೆಗಳ ರಿಯಾಯಿತಿ ಹಾಸಿಗೆಗಳು. ಮೂರನೆಯದು, ವೃದ್ಧರ ಸಾಲು, ಹಾಸಿಗೆ ಮತ್ತು ಆಯುಷ್ಮಾನ್ ಕಾರ್ಡು. ನಾಲ್ಕನೆಯದು ಎಲ್ಲಕ್ಕಿಂತ ಕಷ್ಟದ್ದು. ಮಗ, ಸೊಸೆ ಇಬ್ಬರೂ ಪಾಳಿಯಲ್ಲಿ ದುಡಿಯುವ ಮನೆಯಲ್ಲಿ, ಹಾಸಿಗೆ ಹಿಡಿದ ಹಿರಿಯರನ್ನು ಹಗಲು ನೋಡಿಕೊಳ್ಳುವವರು ಯಾರು? ಇದಕ್ಕೆ ಪಾಲಿಕೆ ಏನು ಮಾಡಬಲ್ಲದು? ಬಜೆಟ್ ಮಾರ್ಚ್ ಒಳಗೆ ಅಂತಿಮವಾಗುತ್ತದೆ. ನಮ್ಮ ಮನವಿ ಡಿಸೆಂಬರ್ ಒಳಗೆ ತಲುಪಬೇಕು.

"ನಾವು ಹೊರಗಿನಿಂದ ಬಂದವರು, ನಮಗೇಕೆ ಈ ಉಸಾಬರಿ?" ಎಂದು ಕೆಲವರು ಕೇಳಿದ್ದಾರೆ. ತೆರಿಗೆ ಇಲ್ಲಿ ಕಟ್ಟುತ್ತೇವೆ, ಮತ ಇಲ್ಲಿ ಹಾಕುತ್ತೇವೆ, ಕಾಯಿಲೆ ಬಿದ್ದರೆ ಇಲ್ಲೇ ಬೀಳುತ್ತೇವೆ. ಇದು ವೈದ್ಯರ, ದಾದಿಯರ ವಿರುದ್ಧದ ಜಗಳವೂ ಅಲ್ಲ. ಅವರ ಕೊರತೆಗಳನ್ನೂ ನಾವೇ ಬರೆದು ಕೊಡೋಣ. ಮರಾಠಿ ನೆರೆಹೊರೆಯವರನ್ನು ಜೊತೆಗೆ ಕರೆದುಕೊಳ್ಳೋಣ, ಅವರ ಮನೆಯಲ್ಲೂ ಮುದುಕರಿದ್ದಾರೆ.

ದಾನಿಗಳೇ, ನಿಮ್ಮ ದೇಣಿಗೆ ನಿಲ್ಲಬಾರದು. ರಾತ್ರಿ ಹನ್ನೆರಡಕ್ಕೆ ರಕ್ತ ಬೇಕೆಂದಾಗ ಯಾವ ಸಮಿತಿಯೂ ಕೂಡಿರುವುದಿಲ್ಲ, ಆಗ ನಿಮ್ಮ ಹಣವೇ ಬೇಕು. ಆದರೆ ಹಕ್ಕಿನಿಂದ ಬರಬೇಕಾದದ್ದು ಬಂದರೆ, ಅದೇ ಹಣ ಇನ್ನೊಂದು ಮನೆಗೆ ತಲುಪುತ್ತದೆ. ಸದಸ್ಯರೇ, ನಿಮ್ಮಿಂದ ತಿಂಗಳಿಗೆ ಎರಡು ಗಂಟೆ ಬೇಡುತ್ತೇನೆ. ಮರಾಠಿಯಲ್ಲಿ ಅರ್ಜಿ ಬರೆಯಬಲ್ಲವರು ದಯವಿಟ್ಟು ಇಂದೇ ಹೆಸರು ಕೊಡಿ.

ಜೈ ಕರ್ನಾಟಕ, ಜೈ ಮಹಾರಾಷ್ಟ್ರ.