ಸಣ್ಣ ಮೋಟಾರ್ ದೋಣಿ, ಉದ್ದದ ದಡ: ಮೆಟ್ಟೂರಿನ ಹಿನ್ನೀರಿನಿಂದ ಕಾರವಾರದ ತನಕ

ಸೇಲಂ ಜಿಲ್ಲೆಗೂ ಕಡಲಿಲ್ಲ, ಧರ್ಮಪುರಿಗೂ ಇಲ್ಲ. ಆದರೂ ಒಂದು ಜಿಲ್ಲೆಯಿಂದ ಇನ್ನೊಂದಕ್ಕೆ ಮೋಟಾರ್ ದೋಣಿಯಲ್ಲೇ ಹೋಗಿಬರುವ ಜನ ಇಲ್ಲಿದ್ದಾರೆ. ಸೇಲಂ ಕಡೆಯಲ್ಲಿ ಕೊಳತ್ತೂರಿನ ಹತ್ತಿರದ ಪಣ್ಣವಾಡಿ, ಧರ್ಮಪುರಿ ಕಡೆಯಲ್ಲಿ ಪೆನ್ನಾಗರಂ ಸೀಮೆಯ ನಾಗಮರೈ. ನಡುವೆ ಮೆಟ್ಟೂರು ಜಲಾಶಯದ ಹಿನ್ನೀರು. ಕೋಟ್ಟೈಯೂರಿಗೂ ಒಟ್ಟನೂರಿಗೂ ನಡುವೆ ಇನ್ನೊಂದು ಕಡವು. ರಸ್ತೆಯಲ್ಲಿ ಹೋದರೆ ಜಲಾಶಯವನ್ನೇ ಸುತ್ತಿ ಬರಬೇಕು. ದೋಣಿ ಹತ್ತಿದರೆ ಎದುರಿಗೇ ಆಚೆ ದಡ. ಹಾಗಾಗಿ ಬೈಕನ್ನೂ ದೋಣಿಗೆ ಹತ್ತಿಸಿಕೊಂಡು ದಾಟುತ್ತಾರೆ.

ಇಂದಿನ ವಿಷಯ ಈ ನೀರಿನಿಂದಲೇ ಶುರುವಾಗುತ್ತದೆ. ನಾಲ್ಕಾರು ಸಣ್ಣ ಮೋಟಾರ್ ದೋಣಿಗಳು ಒಟ್ಟಾಗಿ, ದಡದುದ್ದಕ್ಕೂ, ದಿನಗಟ್ಟಲೆ ದೂರ ಹೋಗಬೇಕೆಂದರೆ ಏನೇನು ಬೇಕು? ಕರಾವಳಿಯಲ್ಲಿ ಅಂಥ ಪಯಣದ ಆಸೆ ಇರುವವರು ಒಳನಾಡಿನಲ್ಲೂ ಇದ್ದಾರೆ. ಅವರಲ್ಲಿ ಕಡಲು ನೋಡಿದವರಿಗಿಂತ ಕಾವೇರಿ ನೋಡಿದವರೇ ಹೆಚ್ಚು. ಸೇಲಂನ ನೇಕಾರ ಬೀದಿಗಳಲ್ಲಿ, ಧರ್ಮಪುರಿಯ ಹಳ್ಳಿಗಳಲ್ಲಿ ಕನ್ನಡ ಮನೆಮಾತಾಗಿರುವ ಕುಟುಂಬಗಳಿಗೆ ಹೊಗೇನಕಲ್ಲು, ಪಾಲಾರು, ಮಾದೇಶ್ವರನ ಬೆಟ್ಟದ ದಾರಿ ಎಲ್ಲವೂ ಗೊತ್ತಿದ್ದದ್ದೇ. ಅದೇ ತಿಳಿವಳಿಕೆಯನ್ನು ಹಿಡಿದು ಕಡಲಿಗೆ ಇಳಿಯೋಣ.

ಮೊದಲು ನೀರಿನ ಮಟ್ಟ. ಮೆಟ್ಟೂರು ಅಣೆಕಟ್ಟಿನ ಕೆಲಸ 1925ರಲ್ಲಿ ಶುರುವಾಗಿ 1934ರಲ್ಲಿ ಮುಗಿಯಿತು. ಆಗಿನ ಮದ್ರಾಸ್ ಗವರ್ನರ್ ಸ್ಟ್ಯಾನ್ಲಿ ಹೆಸರನ್ನೇ ಜಲಾಶಯಕ್ಕೆ ಇಟ್ಟರು. ಪೂರ್ಣ ಮಟ್ಟ 120 ಅಡಿ, ಸಂಗ್ರಹ 93.47 ಟಿಎಂಸಿ. ತುಂಬಿದಾಗ ನೀರು 150 ಚದರ ಕಿಲೋಮೀಟರಿಗೂ ಮಿಕ್ಕಿ ಹರಡಿಕೊಳ್ಳುತ್ತದೆ. ಆದರೆ ತುಂಬಿದ ಮೆಟ್ಟೂರು ಬೇರೆ, ಇಳಿದ ಮೆಟ್ಟೂರು ಬೇರೆ. 2023ರ ಅಕ್ಟೋಬರಿನಲ್ಲಿ ಮಟ್ಟ ಸುಮಾರು 30 ಅಡಿಗೆ ಕುಸಿದಿತ್ತು. 2024ರ ಜುಲೈ ಕೊನೆಗೆ ಅದೇ ಜಲಾಶಯ 120 ಅಡಿ ಮುಟ್ಟಿತು. ಒಂದು ವರ್ಷದೊಳಗೆ ದಡ ಅಷ್ಟು ದೂರ ಸರಿದಿತ್ತು.

ದೋಣಿ ನಡೆಸುವವರಿಗೆ ಇದರ ಅರ್ಥ ಸ್ಪಷ್ಟ. ಹೋದ ತಿಂಗಳು ಆಳವಿದ್ದ ಜಾಗದಲ್ಲಿ ಈ ತಿಂಗಳು ಕೆಸರು ಇರಬಹುದು. ಅಣೆ ಕಟ್ಟಿದಾಗ ಮುಳುಗಿದ ಊರುಗಳ ಗುರುತು ಇಂದಿಗೂ ನೀರಿನಡಿ ಇದೆ. ಪಣ್ಣವಾಡಿಯ ಹತ್ತಿರ ಜಲಕಂಠೇಶ್ವರ ದೇವಸ್ಥಾನದ ನಂದಿ, ಹಳೆಯ ಚರ್ಚಿನ ಗೋಪುರ, ಎರಡೂ ಮಟ್ಟ ಇಳಿದಾಗ ಮೇಲೆ ಕಾಣುತ್ತವೆ. ಕಾಣುವಾಗ ಅಪಾಯವಿಲ್ಲ. ನೀರಿನಿಂದ ಗೇಣುದ್ದ ಕೆಳಗಿರುವಾಗಲೇ ದೋಣಿಯ ತಳಕ್ಕೂ ಇಂಜಿನ್ನಿನ ಪಂಖಕ್ಕೂ ಗಂಡಾಂತರ. ಕಡಲಲ್ಲೂ ಇದೇ ಲೆಕ್ಕ, ಬದಲಾಗುವ ವೇಗ ಮಾತ್ರ ಬೇರೆ. ಮೆಟ್ಟೂರಿನಲ್ಲಿ ತಿಂಗಳುಗಳನ್ನು ತೆಗೆದುಕೊಳ್ಳುವ ಏರಿಳಿತ ಕರ್ನಾಟಕದ ಕರಾವಳಿಯಲ್ಲಿ ಆರೇಳು ಗಂಟೆಯೊಳಗೆ ನಡೆದುಹೋಗುತ್ತದೆ, ಸುಮಾರು ಒಂದೂವರೆಯಿಂದ ಎರಡು ಮೀಟರ್. ಬೆಳಿಗ್ಗೆ ಭರತದಲ್ಲಿ ಸಲೀಸಾಗಿ ದಾಟಿದ ಬಂಡೆಯ ಮೇಲೆ ಮಧ್ಯಾಹ್ನದ ಇಳಿತದಲ್ಲಿ ಸಿಕ್ಕಿಬೀಳಬಹುದು.

ಎರಡನೆಯದು, ಹೊರಡುವ ತೀರ್ಮಾನ ಯಾರದು ಎನ್ನುವುದು. ಹೊಗೇನಕಲ್ಲಿನಲ್ಲಿ ಇದಕ್ಕೊಂದು ಒಳ್ಳೆಯ ಪದ್ಧತಿ ಇದೆ. ಗಡಿಯ ಬಿಳಿಗುಂಡ್ಲುವಿನಲ್ಲಿ ಕೇಂದ್ರ ಜಲ ಆಯೋಗ ಕಾವೇರಿಯ ಒಳಹರಿವನ್ನು ಅಳೆಯುತ್ತದೆ. ಹರಿವು ಏರಿತೆಂದರೆ ಧರ್ಮಪುರಿ ಜಿಲ್ಲಾಡಳಿತ ಹರಿಗೋಲು ನಡೆಸುವುದನ್ನು ನಿಲ್ಲಿಸುತ್ತದೆ. ಎಷ್ಟೇ ದೂರದಿಂದ ಬಂದಿರಲಿ, ಎಷ್ಟೇ ಜನ ಕಾದಿರಲಿ, ಅಂದು ಸವಾರಿ ಇಲ್ಲ. ಅಲ್ಲಿನ ಹರಿಗೋಲನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಬಿದಿರಿನ ಸೀಳುಗಳನ್ನು ಹೆಣೆದ ದುಂಡನೆಯ ಬುಟ್ಟಿ, ತಳಕ್ಕೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಟಾರು. ಅದಕ್ಕೆ ಮುಂಭಾಗವೂ ಇಲ್ಲ, ಹಿಂಭಾಗವೂ ಇಲ್ಲ. ಒಬ್ಬನೇ ಅಂಬಿಗ ಒಂದೇ ಹುಟ್ಟಿನಲ್ಲಿ ಅದನ್ನು ಸುಳಿಯಿಂದ ತಪ್ಪಿಸಿ ನಡೆಸುತ್ತಾನೆ. ಅಷ್ಟು ಪಳಗಿದ ಕೈಯೂ ಹರಿವು ಏರಿದ ದಿನ ಹುಟ್ಟು ಕೆಳಗಿಡುತ್ತದೆ. ಕಡಲಿಗೆ ಹೊರಡುವ ಗುಂಪೂ ಮೊದಲೇ ಒಂದು ಗೆರೆ ಹಾಕಿಕೊಳ್ಳಬೇಕು. ಅಲೆ ಇಷ್ಟಕ್ಕಿಂತ ಎತ್ತರ, ಗಾಳಿ ಇಷ್ಟಕ್ಕಿಂತ ಜೋರು ಎಂದು ಮುನ್ಸೂಚನೆ ಬಂದರೆ ಅಂದು ಬಂದರಿನಲ್ಲೇ ಉಳಿಯುವುದು. ಈ ಮುನ್ಸೂಚನೆಯನ್ನು ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಮೀನುಗಾರರಿಗಾಗಿಯೇ ನಿತ್ಯ ಕೊಡುತ್ತದೆ.

ಈಗ ದೋಣಿಯ ಹತ್ತಿರ ಬರೋಣ. ಸಣ್ಣ ದೋಣಿಯ ಹಿಂಬದಿಗೆ ತಗುಲಿಸುವ ಔಟ್‌ಬೋರ್ಡ್ ಇಂಜಿನ್ ಕೆಳಗಿನ ನೀರನ್ನೇ ಎಳೆದುಕೊಂಡು ತಂಪಾಗುತ್ತದೆ. ಇಂಜಿನ್ ಓಡುತ್ತಿರುವಾಗ ಅದರ ಮಗ್ಗುಲಿಂದ ಬೆರಳ ದಪ್ಪವೂ ಇಲ್ಲದ ಒಂದು ನೀರಿನ ಧಾರೆ ಚಿಮ್ಮುತ್ತಿರಬೇಕು. ಪ್ಲಾಸ್ಟಿಕ್ ಚೀಲ, ಜೊಂಡು, ಕೆಸರು ಸಿಕ್ಕಿಕೊಂಡರೆ ಆ ಧಾರೆ ತೆಳುವಾಗಿ ನಿಂತುಹೋಗುತ್ತದೆ. ಕೂಡಲೇ ಇಂಜಿನ್ ಆರಿಸಬೇಕು, ಇಲ್ಲವಾದರೆ ನಿಮಿಷಗಳಲ್ಲಿ ಅದು ಕಾಯ್ದು ಜಾಮ್ ಆಗುತ್ತದೆ. ಪಳಗಿದವರು ಆಗಾಗ ಹಿಂದೆ ತಿರುಗಿ ನೋಡುವುದು ಈ ಧಾರೆಯನ್ನು. ಇನ್ನೊಂದು, ಇಂಜಿನ್ನಿನಿಂದ ನಡೆಸುವವರ ಕೈಗೋ ಸೊಂಟಕ್ಕೋ ಕಟ್ಟಿಕೊಳ್ಳುವ ಕೆಂಪು ಸುರುಳಿ ದಾರ. ನಡೆಸುವವರು ನೀರಿಗೆ ಬಿದ್ದರೆ ದಾರ ಕಿತ್ತು ಬಂದು ಇಂಜಿನ್ ನಿಲ್ಲುತ್ತದೆ. ದಾರ ಕಟ್ಟದಿದ್ದರೆ ಆಳಿಲ್ಲದ ದೋಣಿ ಸುತ್ತು ಹೊಡೆಯುತ್ತಾ ಬಿದ್ದವರ ಮೇಲೇ ಬರಬಹುದು.

ಭಾರದ ವಿಷಯದಲ್ಲಿ ರಿಯಾಯಿತಿ ಇಲ್ಲವೇ ಇಲ್ಲ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ನಡುಗಡ್ಡೆಯಲ್ಲಿ ನರಸಿಂಹ ದೇವರ ಜಾತ್ರೆ. ವರ್ಷಕ್ಕೊಮ್ಮೆ ನಡೆಯುವ ಈ ಜಾತ್ರೆಗೆ ಜನ ದೋಣಿಗಳಲ್ಲೇ ಹೋಗಬೇಕು. ಹೆಚ್ಚು ಜನರನ್ನು ತುಂಬಿಕೊಂಡಿದ್ದ ಒಂದು ದೋಣಿ ಅಲೆಗೆ ಸಿಕ್ಕಿ ಮಗುಚಿತು. 16 ಮಂದಿ ಸತ್ತರು. ಅವರಲ್ಲಿ ಹಲವರು ಹಾವೇರಿ ಜಿಲ್ಲೆಯಿಂದ, ಅಂದರೆ ಕಡಲಿಲ್ಲದ ಒಳನಾಡಿನಿಂದ ಬಂದವರು. ಸೇಲಂ, ಧರ್ಮಪುರಿಯ ಕುಟುಂಬಗಳು ಮನಸ್ಸಿಗೆ ತಂದುಕೊಳ್ಳಬೇಕಾದ ಸಂಗತಿ ಇದು. ದೋಣಿ ತುಂಬಿದೆ ಎಂದು ಕಂಡರೆ ಇಳಿದುಬಿಡುವ ಹಕ್ಕು ಪ್ರತಿಯೊಬ್ಬ ಪ್ರಯಾಣಿಕನಿಗೂ ಇದೆ. ಜೀವರಕ್ಷಕ ಜಾಕೆಟ್ ಕಾಲ ಕೆಳಗೆ ರಾಶಿ ಬಿದ್ದಿದ್ದರೆ ಪ್ರಯೋಜನವಿಲ್ಲ, ಮೈಮೇಲೆ ಕಟ್ಟಿರಬೇಕು. 2021ರ ಒಳನಾಡು ಹಡಗುಗಳ ಕಾಯ್ದೆ ಯಂತ್ರಚಾಲಿತ ದೋಣಿಗಳಿಗೆ ನೋಂದಣಿಯನ್ನೂ ತಪಾಸಣೆಯನ್ನೂ ಕಡ್ಡಾಯ ಮಾಡಿದೆ. ಅದು ಕಾಗದದಲ್ಲಷ್ಟೇ ಉಳಿಯದೆ ಪ್ರತಿ ಕಡವಿನಲ್ಲೂ ಕಾಣುವಂತಾಗಬೇಕು. ಈ ದೋಣಿಗೆ ಎಷ್ಟು ಜನ ಎನ್ನುವ ಸಂಖ್ಯೆ ತಮಿಳಿನಲ್ಲೂ ಕನ್ನಡದಲ್ಲೂ ದೊಡ್ಡದಾಗಿ ಬರೆದಿರಬೇಕು.

ಇನ್ನು ಗುಂಪು. ಹಲವು ದೋಣಿಗಳು ಒಟ್ಟಿಗೆ ಹೊರಟ ಮಾತ್ರಕ್ಕೆ ಅದು ಗುಂಪಾಗುವುದಿಲ್ಲ. ಮಾದೇಶ್ವರನ ಜಾತ್ರೆಗೆ ಸಾಲಾಗಿ ಹೊರಟ ಎತ್ತಿನ ಗಾಡಿಗಳ ಹಾಗೆ, ಎಲ್ಲಕ್ಕಿಂತ ನಿಧಾನದ್ದು ಯಾವುದೋ ಅದರ ನಡಿಗೆಯೇ ಇಡೀ ಸಾಲಿನ ನಡಿಗೆ. ದಾರಿ ಬಲ್ಲವರ ದೋಣಿ ಮುಂದೆ. ಇಂಜಿನ್ ರಿಪೇರಿ ಬಲ್ಲವರ, ಎಳೆಯಲು ಗಟ್ಟಿ ಹಗ್ಗ ಇರುವವರ ದೋಣಿ ಕೊನೆಗೆ. ಹೊಸಬರು ನಡುವೆ. ಕೊನೆಯ ದೋಣಿಗಿಂತ ಹಿಂದೆ ಯಾರೂ ಉಳಿಯುವಂತಿಲ್ಲ. ಗಂಟೆಗೊಮ್ಮೆ ವೈರ್‌ಲೆಸ್ಸಿನಲ್ಲಿ ಹೆಸರು ಕೂಗಿ ಲೆಕ್ಕ ಹಾಕಬೇಕು. ಮೊಬೈಲ್ ನಂಬಿ ಹೋಗುವ ಹಾಗಿಲ್ಲ, ದಡ ಬಿಟ್ಟು ದೂರ ಸರಿದಂತೆ ಸಿಗ್ನಲ್ ಹೋಗುತ್ತದೆ. ವಿಎಚ್‌ಎಫ್ ವೈರ್‌ಲೆಸ್ಸಿನ 16ನೇ ಚಾನೆಲ್ ಇಡೀ ಜಗತ್ತಿನಲ್ಲಿ ಆಪತ್ತಿನ ಕರೆಗೆ ಮೀಸಲು. ಅಲ್ಲಿ ಹರಟೆ ಹೊಡೆಯಬಾರದು.

ಸಂಪರ್ಕ ಯಾಕಿಷ್ಟು ಮುಖ್ಯ ಎಂಬುದನ್ನು ಮಲ್ಪೆ ಬಂದರಿನವರಿಗೆ ಯಾರೂ ಹೇಳಬೇಕಾಗಿಲ್ಲ. 2018ರ ಡಿಸೆಂಬರ್ 13ರಂದು ಅಲ್ಲಿಂದ ಆಳಸಮುದ್ರಕ್ಕೆ ಹೊರಟ ‘ಸುವರ್ಣ ತ್ರಿಭುಜ’ ದೋಣಿಯಲ್ಲಿ ಏಳು ಮೀನುಗಾರರಿದ್ದರು. 15ರ ನಸುಕಿನ ನಂತರ ಅವರ ಸದ್ದಿಲ್ಲ. ಮನೆಯವರು ತಿಂಗಳುಗಟ್ಟಲೆ ಕಾದರು. ಕರಾವಳಿಯ ಮೀನುಗಾರರು ಸಾವಿರಗಟ್ಟಲೆ ಬೀದಿಗಿಳಿದು ಹುಡುಕಾಟಕ್ಕೆ ಒತ್ತಾಯಿಸಿದರು. 2019ರ ಮೇ ತಿಂಗಳ ಆರಂಭದಲ್ಲಿ ನೌಕಾಪಡೆಯ ಐಎನ್‌ಎಸ್ ನಿರೀಕ್ಷಕ್ ಹಡಗು ಮಹಾರಾಷ್ಟ್ರದ ಮಾಲ್ವಣ ತೀರದಿಂದ ಸುಮಾರು 33 ಕಿಲೋಮೀಟರ್ ದೂರದಲ್ಲಿ, 60 ಮೀಟರ್ ಆಳದಲ್ಲಿ ಅವಶೇಷ ಪತ್ತೆಮಾಡಿತು. ಅದು ಪಳಗಿದ ತಾಂಡೇಲರು, ಅಂದರೆ ದೋಣಿಯ ಮುಖ್ಯಸ್ಥರು, ನಡೆಸುವ ದೊಡ್ಡ ದೋಣಿ. ಸಣ್ಣ ದೋಣಿಯ ಹೊಸಬರು ಎಷ್ಟು ಎಚ್ಚರ ವಹಿಸಬೇಕೆಂದು ಇದರಿಂದಲೇ ಅಂದಾಜಿಸಬಹುದು.

ಗುಂಪು ಕಾಪಾಡಿದ ಉದಾಹರಣೆಯೂ ಉಂಟು. 2017ರ ನವೆಂಬರ್ ಕೊನೆಗೆ ಕನ್ಯಾಕುಮಾರಿಯ ಬಳಿ ಎದ್ದ ಓಖಿ ಚಂಡಮಾರುತ ತಮಿಳುನಾಡು, ಕೇರಳದ ಮೀನುಗಾರರನ್ನು ಕಡಲ ನಡುವೆಯೇ ಹಿಡಿಯಿತು. ಸತ್ತವರು, ಕಾಣೆಯಾದವರು ನೂರಾರು. ಅದೇ ಹೊತ್ತಿನಲ್ಲಿ 68 ದೋಣಿಗಳು, 952 ಮೀನುಗಾರರು ಉತ್ತರದ ಕಡೆ ಸಾಗಿ ಮಹಾರಾಷ್ಟ್ರದ ದೇವಗಡ ಬಂದರು ಸೇರಿ ಬದುಕಿಕೊಂಡರು. ಊರಿಗೆ ಮರಳುವ ಹಟ ಬಿಟ್ಟು, ಸಿಕ್ಕ ಬಂದರಿಗೆ ಹೊಕ್ಕರು. ಪಯಣದ ಯೋಜನೆಯಲ್ಲೂ ಹಾಗೇ, ಪ್ರತಿದಿನದ ಗುರಿಯ ಜೊತೆಗೆ ನಡುದಾರಿಯಲ್ಲಿ ಹೊಗಬಹುದಾದ ಒಂದು ಆಸರೆಯ ಹೆಸರು ಇರಲೇಬೇಕು.

ಹಾಗಾದರೆ ಕರ್ನಾಟಕದ ಕರಾವಳಿಯಲ್ಲಿ ಅಂಥ ದಾರಿ ಹೇಗಿರುತ್ತದೆ? ಮಂಗಳೂರು, ಮಲ್ಪೆ, ಗಂಗೊಳ್ಳಿ, ಭಟ್ಕಳ, ಹೊನ್ನಾವರ, ತದಡಿ, ಕಾರವಾರ. ಒಂದೊಂದು ಹಂತ ಸುಮಾರು 30ರಿಂದ 60 ಕಿಲೋಮೀಟರ್. ಮಂಗಳೂರಿನಿಂದ ಮಲ್ಪೆಗೆ ಹೋಗುವಾಗ 1901ರಲ್ಲಿ ಕಟ್ಟಿದ ಕಾಪು ದೀಪಸ್ತಂಭ ಬಲಗಡೆ ಗುರುತಿಗೆ ಸಿಗುತ್ತದೆ. ಚಳಿಗಾಲದಲ್ಲಿ ಬೆಳಗಿನ ಕಡಲು ಶಾಂತ. ಮಧ್ಯಾಹ್ನದ ಹೊತ್ತಿಗೆ ಪಶ್ಚಿಮ, ವಾಯವ್ಯದ ಗಾಳಿ ಎದ್ದು ಉತ್ತರಕ್ಕೆ ಹೋಗುವ ದೋಣಿಗೆ ಎದುರಾಗುತ್ತದೆ. ಆದ್ದರಿಂದ ಬೆಳಕು ಹರಿಯುವಾಗ ಹೊರಟು ಮಧ್ಯಾಹ್ನದೊಳಗೆ ಬಂದರು ಸೇರುವುದು ಕ್ಷೇಮ. ಮಳೆಗಾಲದಲ್ಲಿ ಈ ಮಾತೇ ಬೇಡ. ಜೂನ್ 1ರಿಂದ ಜುಲೈ 31ರ ತನಕ ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಯನ್ನೇ ನಿಲ್ಲಿಸುತ್ತಾರೆ.

ದಾರಿಯಲ್ಲಿ ಕಷ್ಟದ ಜಾಗ ನಡುಕಡಲಲ್ಲ, ಅಳಿವೆ. ಹೊನ್ನಾವರದಲ್ಲಿ ಶರಾವತಿ, ತದಡಿಯಲ್ಲಿ ಅಘನಾಶಿನಿ ಕಡಲು ಸೇರುವ ಬಾಯಿಯಲ್ಲಿ ಮರಳಿನ ದಿಬ್ಬ ಇರುತ್ತದೆ. ಇಳಿತದ ಹೊತ್ತಿನಲ್ಲಿ ಹೊಳೆಯ ನೀರು ಹೊರಗೆ ನುಗ್ಗುತ್ತದೆ, ಕಡಲ ಅಲೆ ಒಳಗೆ ನುಗ್ಗುತ್ತದೆ, ಎರಡೂ ಡಿಕ್ಕಿ ಹೊಡೆದು ಅಲೆ ಅಲ್ಲೇ ಒಡೆಯುತ್ತದೆ. ಸಣ್ಣ ದೋಣಿ ಅಡ್ಡ ತಿರುಗಿದರೆ ಮಗುಚಿತೆಂದೇ ಲೆಕ್ಕ. ಭರತ ಏರುವ ತನಕ ಹೊರಗೆ ಕಾದು, ಊರಿನ ಮೀನುಗಾರರ ದೋಣಿಯೊಂದರ ಹಿಂದೆ, ಒಂದರ ನಂತರ ಒಂದಾಗಿ ಒಳಗೆ ಹೋಗಬೇಕು. ದಿಬ್ಬ ವರ್ಷವರ್ಷವೂ ಜಾಗ ಬದಲಿಸುವುದರಿಂದ ನಕ್ಷೆಗಿಂತ ಅವರ ಮಾತೇ ನಂಬಿಕೆಗೆ ಅರ್ಹ. ಕಾರವಾರದ ಹತ್ತಿರ ಅರಗಾದಲ್ಲಿ ನೌಕಾನೆಲೆ ಇದೆ. ಅಲ್ಲಿ ನಿಷೇಧಿತ ನೀರಿನಿಂದ ದೂರ ಇರುವುದು ಕಡ್ಡಾಯ.

ಇಂಧನದ ಲೆಕ್ಕ ಸರಳ. ಗಂಟೆಗೆ 12 ಕಿಲೋಮೀಟರ್ ಹೋಗುವ ದೋಣಿ ಗಂಟೆಗೆ 5 ಲೀಟರ್ ಕುಡಿಯುತ್ತದೆ ಎಂದಿಟ್ಟುಕೊಳ್ಳಿ. 60 ಕಿಲೋಮೀಟರಿಗೆ 5 ಗಂಟೆ, 25 ಲೀಟರ್. ಎದುರುಗಾಳಿ, ಸುತ್ತುದಾರಿ, ಕೆಟ್ಟ ದೋಣಿಯನ್ನು ಎಳೆಯುವ ಕೆಲಸ ಇವಕ್ಕೆಲ್ಲ ಸೇರಿಸಿ ಅರ್ಧದಷ್ಟು ಹೆಚ್ಚು, ಅಂದರೆ ಸುಮಾರು 38 ಲೀಟರ್ ಜೊತೆಗಿರಬೇಕು. ಗುಂಪಿನಲ್ಲಿ ಅತಿ ಹೆಚ್ಚು ಕುಡಿಯುವ ಇಂಜಿನ್ ಯಾವುದೋ ಅದನ್ನೇ ಹಿಡಿದು ಎಲ್ಲರ ಲೆಕ್ಕ ಹಾಕಬೇಕು.

ಕೊನೆಯದಾಗಿ ಒಂದು ಹಾಳೆ. ಬಂದರು ಇಲಾಖೆಗೂ ಕರಾವಳಿ ಕಾವಲು ಪೊಲೀಸರಿಗೂ ತಿಳಿಸಿ, ಬೇಕಾದ ಅನುಮತಿ ಪಡೆದ ಮೇಲೆ ಅದನ್ನು ಮನೆಯವರ ಕೈಗೆ ಕೊಟ್ಟೇ ಹೊರಡಬೇಕು. ಅದರಲ್ಲಿ ಪ್ರತಿ ದೋಣಿಯ ಹೆಸರು, ಬಣ್ಣ, ನೋಂದಣಿ ಸಂಖ್ಯೆ, ಯಾರ್ಯಾರು ಇದ್ದಾರೆ, ಎಲ್ಲಿಂದ ಎಲ್ಲಿಗೆ, ಎಷ್ಟು ಗಂಟೆಗೆ ತಲುಪಬೇಕು ಎಂಬ ವಿವರ ಇರಲಿ. ಹೇಳಿದ ಹೊತ್ತು ಮೀರಿಯೂ ಸುದ್ದಿ ಬರದಿದ್ದರೆ ಮನೆಯವರು ಕರೆಯಬೇಕಾದ ಸಂಖ್ಯೆಗಳನ್ನೂ ಅದೇ ಹಾಳೆಯ ತಲೆಯಲ್ಲಿ ಬರೆದಿರಬೇಕು: ಕೋಸ್ಟ್ ಗಾರ್ಡ್ 1554, ಕರಾವಳಿ ಕಾವಲು ಪೊಲೀಸ್ 1093.