ಮಾವಿನ ಕಸಿ ಗಿಡಗಳ ನರ್ಸರಿ: ತಾಯಿಮರವೇ ಬಂಡವಾಳ

(ರೈತರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣದ ಪಾಠ)



'ತಾಯಿಯಂತೆ ಮಗಳು, ನೂಲಿನಂತೆ ಸೀರೆ' ಎಂಬ ಗಾದೆ ಬಾದಾಮಿ ಮಾವಿನ ಓಟೆಯಿಂದ ಎದ್ದ ಗಿಡಕ್ಕೆ ಹೊಂದುವುದಿಲ್ಲ. ಒಳ್ಳೆಯ ಹಣ್ಣು ತಿಂದು ಓಟೆಯನ್ನು ಹಿತ್ತಲಿನಲ್ಲಿ ಊರಿದರೆ ಏಳುವ ಮರದ ಹಣ್ಣು ಹುಳಿಯೋ ನಾರೋ ಎಂಬುದನ್ನು ಮರ ಫಲಕ್ಕೆ ಬರುವ ತನಕ ಹೇಳಲಾಗದು. ಕಸಿ ಗಿಡಕ್ಕೆ ಮಾತ್ರ ಈ ಗಾದೆ ಪೂರ್ತಿಯಾಗಿ ಒಪ್ಪುತ್ತದೆ. ಕಸಿ ಕಡ್ಡಿ ಯಾವ ಮರದ್ದೋ ಹಣ್ಣೂ ಆ ಮರದ್ದೇ. ಆದ್ದರಿಂದಲೇ ರೈತನು ನರ್ಸರಿಗೆ ಬಂದು ಹಣ ಕೊಟ್ಟು ಗಿಡ ಒಯ್ಯುತ್ತಾನೆ.

ಆದರೆ ಅವನು ಒಯ್ಯುವಾಗ ಕಣ್ಣಿಗೆ ಕಾಣುವುದು ನಾಲ್ಕಾರು ಎಲೆ ಮಾತ್ರ. ಎಲೆಯನ್ನು ಹಿಸುಕಿ ಮೂಸಿ ತಳಿ ಹೇಳುವ ಅನುಭವಿಗಳು ಉಂಟು; ಎಲ್ಲರಿಗೂ ಅದು ಸಾಧ್ಯವಿಲ್ಲ. ಗಿಡ ಬಾದಾಮಿಯೋ ರಸಪುರಿಯೋ, ಕಸಿಯೋ ಕಾಡೋ ಎಂಬುದು ತಿಳಿಯುವುದು ನಾಲ್ಕೈದು ವರ್ಷಗಳ ಮೇಲೆ. ಅಷ್ಟರಲ್ಲಿ ಗುಂಡಿ, ಗೊಬ್ಬರ, ನೀರು, ಬೇಲಿಗಳಿಗೆ ಹಾಕಿದ ಹಣ ಮತ್ತು ಕಳೆದ ಕಾಲ ಹಿಂದಿರುಗಿ ಬಾರವು. ಹೀಗಾಗಿ ನರ್ಸರಿಯವನು ಮಾರುವುದು ಗಿಡಕ್ಕಿಂತ ಹೆಚ್ಚಾಗಿ ನಂಬಿಕೆಯನ್ನು. ಈ ಉದ್ಯೋಗಕ್ಕೆ ಇಳಿಯುವವರು ಮೊದಲು ಮನಗಾಣಬೇಕಾದ ಅಂಶ ಇದು.

ತಾಯಿಮರಗಳ ಆಯ್ಕೆ

ನರ್ಸರಿ ಎಂದೊಡನೆ ಹಲವರು ಮೊದಲು ನೆರಳು ಪರದೆ ಮತ್ತು ಪಾಲಿಥೀನ್ ಚೀಲಗಳ ಖರ್ಚನ್ನು ಲೆಕ್ಕ ಹಾಕುತ್ತಾರೆ. ಮೊದಲು ಬೇಕಾದುದು ತಾಯಿಮರ. ಪ್ರತಿ ತಳಿಗೂ ತಳಿಶುದ್ಧವಾದ, ಹಲವು ವರ್ಷ ಚೆನ್ನಾಗಿ ಫಲ ಕೊಟ್ಟು ಪರೀಕ್ಷೆಗೆ ನಿಂತ, ರೋಗವಿಲ್ಲದ ಮರಗಳನ್ನು ಗುರುತಿಸಬೇಕು. ಹೂಗೊಂಚಲು ಮುದ್ದೆಗಟ್ಟುವ ವಿರೂಪ ರೋಗ ಕಂಡ ಮರದಿಂದ ಕಡ್ಡಿ ತೆಗೆಯಲೇಬಾರದು. ಆಯ್ದ ಮರಗಳ ಕಾಂಡದ ಮೇಲೆ ಬಣ್ಣದಿಂದ ಸಂಖ್ಯೆ ಬರೆದು, ಅದೇ ಸಂಖ್ಯೆಯನ್ನು ಪುಸ್ತಕದಲ್ಲಿ ದಾಖಲಿಸಬೇಕು. ಸ್ವಂತ ತೋಟದಲ್ಲಿ ಮರಗಳಿಲ್ಲದವರು ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯಗಳ ಕ್ಷೇತ್ರಗಳಿಂದಾಗಲಿ, ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯಿಂದಾಗಲಿ ಖಚಿತ ತಳಿಯ ಗಿಡ ತಂದು ಮೊದಲು ತಾಯಿತೋಟ ನೆಡುವುದು ಒಳ್ಳೆಯದು. ಹೊಸ ತಳಿಗಳ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯಡಿ ನೋಂದಣಿಯಾಗಿ ರಕ್ಷಣೆ ಪಡೆದ ತಳಿಯನ್ನು ಅನುಮತಿ ಇಲ್ಲದೆ ಬೆಳೆಸಿ ಮಾರುವಂತಿಲ್ಲ.

ಬೇರುಸಸಿ ಎಬ್ಬಿಸುವುದು

ಮಾವಿನ ಓಟೆಗೆ ಆಯುಷ್ಯ ಕಡಿಮೆ. ಹಣ್ಣಿನಿಂದ ತೆಗೆದ ಮೇಲೆ ಬೇಗನೆ ಬಿತ್ತದಿದ್ದರೆ ಮೊಳೆಯುವ ಶಕ್ತಿ ಕುಂದುತ್ತದೆ. ಜೂನ್-ಜುಲೈನಲ್ಲಿ ಓಟೆಗಳನ್ನು ತೊಳೆದು, ನೀರಿನಲ್ಲಿ ತೇಲುವ ಜೊಳ್ಳನ್ನು ಬಿಟ್ಟು, ಮುಳುಗಿದವನ್ನು ಎತ್ತರದ ಮಡಿಗಳಲ್ಲಿ ಬಿತ್ತಬೇಕು. ಪಡುವಣ ಕರಾವಳಿಯ ಬಪ್ಪಕಾಯಿ, ಓಲೂರಿನಂತಹ ತಳಿಗಳಲ್ಲಿ ಒಂದೇ ಓಟೆಯಿಂದ ಹಲವು ಸಸಿಗಳು ಏಳುತ್ತವೆ. ಅವುಗಳಲ್ಲಿ ಹೆಚ್ಚಿನವು ತಾಯಿಯನ್ನೇ ಹೋಲುವುದರಿಂದ ಒಂದೇ ಸಮನಾದ ಬೇರುಸಸಿಗಳು ದೊರೆಯುತ್ತವೆ.

ಚೀಲಕ್ಕೆ ಕೆಂಪು ಮಣ್ಣು ಎರಡು ಭಾಗ, ಮರಳು ಒಂದು ಭಾಗ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಒಂದು ಭಾಗ ಬೆರೆಸಿ ತುಂಬಬಹುದು. ಚೀಲದ ತಳದಲ್ಲಿ ರಂಧ್ರಗಳಿರಲಿ. ನೀರು ನಿಂತರೆ ಬುಡ ಕೊಳೆಯುತ್ತದೆ. ಏಪ್ರಿಲ್-ಮೇ ಬಿಸಿಲಿನಲ್ಲಿ ಮಣ್ಣನ್ನು ತೇವ ಮಾಡಿ, ತಿಳಿ ಪಾಲಿಥೀನ್ ಹಾಳೆಯನ್ನು ನಾಲ್ಕರಿಂದ ಆರು ವಾರ ಬಿಗಿಯಾಗಿ ಹೊದಿಸಿಟ್ಟರೆ ರೋಗಾಣುಗಳೂ ಕಳೆ ಬೀಜಗಳೂ ಬಹಳಷ್ಟು ನಾಶವಾಗುತ್ತವೆ. ಸಸಿ ಸಾಯುವ ರೋಗ ಕಂಡಲ್ಲಿ ಲೀಟರ್ ನೀರಿಗೆ 3 ಗ್ರಾಂ ತಾಮ್ರದ ಆಕ್ಸಿಕ್ಲೋರೈಡ್ ಬೆರೆಸಿ ಬುಡ ನೆನೆಯುವಂತೆ ಸುರಿಯಬೇಕು. ಉಪ್ಪು ನೀರು ಮಾವಿಗೆ ಆಗದು. ಆದ್ದರಿಂದ ಬಾವಿಯ ನೀರನ್ನು ನರ್ಸರಿ ಆರಂಭಿಸುವ ಮೊದಲೇ ಪರೀಕ್ಷೆ ಮಾಡಿಸತಕ್ಕದ್ದು.

ಮೃದುಕಾಂಡ ಕಸಿ

ಬೇರುಸಸಿಯ ತುದಿಯಲ್ಲಿ ಹೊಸ ಚಿಗುರು ಬಂದು ಕಾಂಡ ಇನ್ನೂ ಎಳೆಯದಾಗಿರುವಾಗ ಈ ಕಸಿ ಮಾಡುತ್ತಾರೆ. ಗಾಳಿಯಲ್ಲಿ ತೇವವಿರುವ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಕಾಲ ಅನುಕೂಲ. ತಾಯಿಮರದಲ್ಲಿ ಹೂ ಬಿಡದ, ಮೂರರಿಂದ ಆರು ತಿಂಗಳು ಬಲಿತ, ಪೆನ್ಸಿಲ್ ದಪ್ಪದ ತುದಿ ರೆಂಬೆಯನ್ನು ಆಯ್ದು, ಏಳರಿಂದ ಹತ್ತು ದಿನ ಮುಂಚೆ ತೊಟ್ಟು ಉಳಿಸಿ ಎಲೆಗಳನ್ನು ಕತ್ತರಿಸಬೇಕು. ಆಗ ತುದಿಮೊಗ್ಗು ಉಬ್ಬಿ ಕಸಿಗೆ ಸಿದ್ಧವಾಗುತ್ತದೆ. ಸಸಿಯ ತಲೆ ಕತ್ತರಿಸಿ 3ರಿಂದ 4 ಸೆಂ.ಮೀ. ಸೀಳಿ, ಬೆಣೆಯಂತೆ ಕೆತ್ತಿದ ಕಡ್ಡಿಯನ್ನು ಅದರಲ್ಲಿ ಕೂರಿಸಿ, ಒಂದು ಪಕ್ಕದಲ್ಲಾದರೂ ಎರಡರ ತೊಗಟೆಯೂ ಸರಿಯಾಗಿ ಕೂಡುವಂತೆ ಪಾಲಿಥೀನ್ ಪಟ್ಟಿಯಿಂದ ಬಿಗಿಯಬೇಕು. ಮೇಲೆ ಕಿರಿದಾದ ಪಾಲಿಥೀನ್ ಕೊಳವೆಯನ್ನು ಟೋಪಿಯಂತೆ ತೊಡಿಸಿ ನೆರಳಿನಲ್ಲಿಟ್ಟರೆ ಸುಮಾರು ಮೂರು ವಾರಗಳಲ್ಲಿ ಚಿಗುರುತ್ತದೆ. ಚಿಗುರಿದ ಕೂಡಲೇ ಟೋಪಿ ತೆಗೆಯಬೇಕು. ಕಸಿ ಚೆನ್ನಾಗಿ ಬೆಸೆದ ಮೇಲೆ ಪಟ್ಟಿಯನ್ನೂ ಬಿಚ್ಚಬೇಕು. ಬಿಚ್ಚಲು ಮರೆತರೆ ಅದು ಕಾಂಡವನ್ನು ಹಿಸುಕುತ್ತದೆ.

ಲೆಕ್ಕಾಚಾರ

ಈ ಉದ್ಯೋಗದಲ್ಲಿ ಕೈ ಸುಟ್ಟುಕೊಳ್ಳುವವರು ಹೆಚ್ಚಾಗಿ ಲೆಕ್ಕದಲ್ಲಿ ಎಡವಿದವರು. ತಿಳಿವಳಿಕೆಗಾಗಿ ಒಂದು ಉದಾಹರಣೆ: 1,000 ಓಟೆ ಬಿತ್ತಿದಲ್ಲಿ 700 ಮೊಳೆತು, 600 ಕಸಿಗೆ ಯೋಗ್ಯವಾಗಿ, ಅವುಗಳಲ್ಲಿ ನೂರಕ್ಕೆ 70ರಂತೆ 420 ಕಸಿ ಹಿಡಿದು, ಕೊನೆಗೆ 380 ಗಿಡ ಮಾರಾಟಕ್ಕೆ ಉಳಿದವೆಂದು ಇಟ್ಟುಕೊಳ್ಳಬಹುದು. ಒಟ್ಟು ಖರ್ಚು 19,000 ರೂಪಾಯಿಯಾಗಿದ್ದರೆ ಗಿಡವೊಂದಕ್ಕೆ ಬಿದ್ದ ಖರ್ಚು 19 ರೂಪಾಯಿಯಲ್ಲ, 50 ರೂಪಾಯಿ. ಸತ್ತ ಗಿಡಗಳ ಖರ್ಚನ್ನೆಲ್ಲ ಬದುಕಿದ ಗಿಡ ಹೊರಬೇಕು. ಇದನ್ನು ಮರೆತು ಪಕ್ಕದವರಿಗಿಂತ ಅಗ್ಗವಾಗಿ ಮಾರಲು ಹೊರಟವನು ಎರಡನೆಯ ವರ್ಷಕ್ಕೆ ನಿಲ್ಲಲಾರ. ಓಟೆ ಬಿತ್ತಿದ ದಿನದಿಂದ ಗಿಡ ಮಾರಾಟವಾಗಲು ಒಂದು ವರ್ಷದ ಮೇಲೆಯೇ ಹಿಡಿಯುತ್ತದೆ; ಗಿರಾಕಿಗಳು ಬರುವುದು ಮಳೆಗಾಲದ ಕೆಲವು ತಿಂಗಳು ಮಾತ್ರ. ಆದ್ದರಿಂದ ಮೊದಲ ವರ್ಷ ಸಣ್ಣದಾಗಿ ಆರಂಭಿಸಿ, ಸುತ್ತಲಿನ ಊರುಗಳ ಬೇಡಿಕೆಯನ್ನು ಮುಂಗಡವಾಗಿ ತಿಳಿದು ಬೆಳೆಸುವುದು ಕ್ಷೇಮ.

ಇದೇ ಲೆಕ್ಕದಲ್ಲಿ ಒಂದು ಆಮಿಷವೂ ಅಡಗಿದೆ. ಕಸಿ ಹಿಡಿಯದ 180 ಸಸಿಗಳು ಸಾಯುವುದಿಲ್ಲ. ಕಸಿಗಿಂತ ಕೆಳಗೆ ಬೇರುಸಸಿಯೇ ಚಿಗುರಿ ಹಸಿರಾಗಿ ನಿಲ್ಲುತ್ತದೆ. ಅವುಗಳನ್ನೂ ಕಸಿ ಗಿಡವೆಂದು ಮಾರಿದರೆ ಆ ದಿನ ಯಾರಿಗೂ ತಿಳಿಯದಿರಬಹುದು. ಆದರೆ ಹತ್ತು ಮೀಟರ್ ಅಂತರದಲ್ಲಿ ಎಕರೆಗೆ 40ರಂತೆ ನೆಟ್ಟರೆ ಆ 180 ಗಿಡಗಳು ನಾಲ್ಕೂವರೆ ಎಕರೆಯ ತೋಟವಾಗುತ್ತವೆ. ಐದಾರು ವರ್ಷ ಕಾದು ಕುಳಿತ ಕುಟುಂಬಕ್ಕೆ ದೊರೆಯುವುದು ಕಾಡು ಮಾವು. ಇಂತಹ ಸಸಿಗಳಿಗೆ ಹೊಸ ಚಿಗುರು ಬಂದಾಗ ಮರಳಿ ಕಸಿ ಮಾಡಬಹುದು. ಅದಕ್ಕೂ ಒಗ್ಗದಿದ್ದರೆ ಗೊಬ್ಬರದ ಗುಂಡಿಗೆ ಹಾಕಬೇಕೇ ಹೊರತು ಗಿರಾಕಿಯ ಗಾಡಿಗೆ ಹಾಕಬಾರದು.

ಚೀಟಿ ಮತ್ತು ರಸೀತಿ

ಕಸಿ ಮಾಡಿದ ದಿನವೇ ಪ್ರತಿ ಸಾಲಿಗೂ ತಳಿಯ ಹೆಸರು, ತಾಯಿಮರದ ಸಂಖ್ಯೆ, ಕಸಿ ಮಾಡಿದ ತಾರೀಖು ಮತ್ತು ಕಸಿ ಮಾಡಿದವರ ಗುರುತು ಇರುವ ಚೀಟಿ ಕಟ್ಟಬೇಕು. ತಳಿಗಳು ಬೆರೆತುಹೋಗುವುದು ಹೆಚ್ಚಾಗಿ ಮೋಸದಿಂದಲ್ಲ, 'ಸಂಜೆ ಬರೆದರಾಯಿತು' ಎಂಬ ಉದಾಸೀನದಿಂದ. ಮಾರುವಾಗ ಇದೇ ವಿವರಗಳಿರುವ ರಸೀತಿ ಕೊಟ್ಟು ನಕಲನ್ನು ಜೋಪಾನವಾಗಿಡಬೇಕು. 1966ರ ಬೀಜ ಕಾಯ್ದೆಯಲ್ಲಿ 'ಬೀಜ' ಎಂಬ ಪದಕ್ಕೆ ಆಹಾರ ಬೆಳೆಗಳ ಸಸಿ ಮತ್ತು ಕಸಿಗಳೂ ಸೇರಿವೆ. ಕಳಪೆ ಬೀಜದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2012ರಲ್ಲಿ ಬೀಜ ಕೊಂಡ ರೈತನೂ ಗ್ರಾಹಕನೇ ಎಂದು ತೀರ್ಪಿತ್ತಿದೆ. ರಸೀತಿ ಕೊಳ್ಳುವವನಿಗೆ ಹೇಗೆ ಆಧಾರವೋ ಪ್ರಾಮಾಣಿಕವಾಗಿ ಮಾರುವವನಿಗೂ ಹಾಗೆಯೇ. ರಾಷ್ಟ್ರೀಯ ತೋಟಗಾರಿಕೆ ಮಂಡಳಿ ನರ್ಸರಿಗಳಿಗೆ ನೀಡುವ ಮಾನ್ಯತೆಯನ್ನೂ ಪಡೆದುಕೊಳ್ಳುವುದು ಲೇಸು.

ಗಿಡ ಕೊಳ್ಳುವ ರೈತರು ಕಸಿಯ ಗಂಟನ್ನು ಬೆರಳಿನಿಂದ ಮುಟ್ಟಿ ನೋಡಬೇಕು. ಎಲೆಗಳು ಗಂಟಿನ ಮೇಲಿನಿಂದ ಬಂದಿವೆಯೇ, ಪಟ್ಟಿ ಬಿಚ್ಚಿದೆಯೇ, ಬೇರು ಚೀಲದ ತಳದಲ್ಲಿ ಸುತ್ತಿಕೊಂಡಿಲ್ಲವೇ ಎಂದು ಪರೀಕ್ಷಿಸಬೇಕು. ತಾಯಿಮರ ತೋರಿಸುವಂತೆ ಕೇಳಲು ಸಂಕೋಚ ಬೇಡ. ನರ್ಸರಿಯವನೂ ಇದಕ್ಕೆ ಬೇಸರಪಡಬಾರದು. ಗಿರಾಕಿಯನ್ನು ತಾನೇ ಮರದ ಬುಡಕ್ಕೆ ಕರೆದೊಯ್ದು ತೋರಿಸಬೇಕು. ನರ್ಸರಿಯ ಹೆಸರು ಉಳಿಯುವುದು ಬಾಗಿಲ ಫಲಕದಿಂದಲ್ಲ, ಐದಾರು ವರ್ಷಗಳ ಮೇಲೆ ಗಿರಾಕಿಯ ತೋಟದಲ್ಲಿ ಬಿಡುವ ಹಣ್ಣಿನಿಂದ.